ಮೇಲ್ ಸರ್ವರ್ ನಿಧಾನವಾದರೆ ಮೊದಲು ಸೆಕೆಂಡು ಎಣಿಸಿ

‘ಮೇಲ್ ತುಂಬಾ ಸ್ಲೋ’ ಎಂಬ ಒಂದೇ ದೂರಿನೊಳಗೆ ನಾಲ್ಕು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಕಳುಹಿಸುವ ಬಟನ್ ಒತ್ತಿದ ಮೇಲೆ ಅರ್ಧ ನಿಮಿಷ ಚಕ್ರ ತಿರುಗುತ್ತಲೇ ಇರುವುದು ಒಂದು. ಒತ್ತಿದ ಕೂಡಲೇ ಹೋಯಿತೆಂದು ತೋರಿಸಿ, ಆಚೆಯವರಿಗೆ ಗಂಟೆ ಕಳೆದು ತಲುಪುವುದು ಇನ್ನೊಂದು. ಹೊರಗಿನಿಂದ ಬರಬೇಕಾದದ್ದು ತಡವಾಗುವುದು ಮೂರನೆಯದು. ಬಂದು ಕೂತಿರುವ ಮೇಲ್ ತೆರೆಯಲಿಕ್ಕೇ ತಿಣುಕುವುದು ನಾಲ್ಕನೆಯದು. ಈ ನಾಲ್ಕಕ್ಕೂ ಕಾರಣ ಬೇರೆ, ಮದ್ದು ಬೇರೆ. ದೂರು ಹೇಳಿದವರ ಪಕ್ಕ ಎರಡು ನಿಮಿಷ ನಿಂತು ಯಾವುದೆಂದು ಕಣ್ಣಾರೆ ನೋಡದೆ ಸರ್ವರ್ ಕೋಣೆಗೆ ಹೋಗಬೇಡಿ.

ಇಲ್ಲಿ ನಮ್ಮ ಮುಂದಿರುವುದು ಕೊಡಗಿನ ಸಣ್ಣ ಕಚೇರಿ: ಕಾಫಿ ಖರೀದಿಯದ್ದೋ, ತೋಟಗಳ ಲೆಕ್ಕಪತ್ರದ್ದೋ, ಹೋಮ್‌ಸ್ಟೇ ಬುಕಿಂಗಿನದ್ದೋ ಇರಬಹುದು. ಹತ್ತರಿಂದ ಇಪ್ಪತ್ತು ಕಂಪ್ಯೂಟರು, ಮೂಲೆಯಲ್ಲೊಂದು ಲಿನಕ್ಸ್ ಸರ್ವರ್, ಅದರಲ್ಲಿ ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಪೆಟ್ಟಿಗೆ ತೆರೆದು ತೋರಿಸಲು ಡವ್‌ಕಾಟ್. ಹೊರಗೆ ಹೋಗಲು ಒಂದು ಫೈಬರ್ ಲೈನು, ಅದು ಬಿದ್ದರೆ 4ಜಿ. ಬೇರೆ ತಂತ್ರಾಂಶ ಇದ್ದರೆ ಆಜ್ಞೆಗಳು ಬದಲಾಗುತ್ತವೆ, ಹುಡುಕುವ ದಾರಿ ಬದಲಾಗುವುದಿಲ್ಲ.

ಎಲ್ಲಕ್ಕಿಂತ ಮೊದಲ ಮಾತು: ಸರ್ವರನ್ನು ರೀಸ್ಟಾರ್ಟ್ ಮಾಡಬೇಡಿ. ಯಾವ ಪ್ರಕ್ರಿಯೆ ಸಿಕ್ಕಿಬಿದ್ದಿತ್ತು, ಮೆಮೊರಿ ಎಷ್ಟು ತುಂಬಿತ್ತು, ಎಷ್ಟು ಸಂಪರ್ಕ ತೆರೆದಿದ್ದವು ಎಂಬ ಸಾಕ್ಷಿಯೆಲ್ಲ ಆ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಹತ್ತು ನಿಮಿಷ ಚೆನ್ನಾಗಿ ಓಡಿದಂತೆ ಕಂಡು, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ದೂರು ಬರುತ್ತದೆ. ಆಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಎಷ್ಟು ಸೆಕೆಂಡು ಎಂಬುದೇ ಸುಳಿವು

ಕಂಪ್ಯೂಟರು ಸುಮ್ಮನೆ ತಡ ಮಾಡುವುದು ಕಡಿಮೆ. ಹೆಚ್ಚಿನ ಸಲ ಅದು ಯಾರದೋ ಉತ್ತರಕ್ಕೆ ಕಾಯುತ್ತಿರುತ್ತದೆ, ಮತ್ತು ಎಷ್ಟು ಹೊತ್ತು ಕಾಯಬೇಕೆಂದು ಮೊದಲೇ ಯಾರೋ ಬರೆದಿಟ್ಟಿರುತ್ತಾರೆ. ಹಾಗಾಗಿ ವಿಳಂಬದ ಅಳತೆ ಸಿಕ್ಕರೆ ಕಾಯುತ್ತಿರುವುದು ಯಾರಿಗೆ ಎಂಬುದೂ ಬಹುಪಾಲು ಸಿಕ್ಕಿದ ಹಾಗೆ.

ಸರ್ವರಿನಲ್ಲೇ ಕೂತು, ಟೆಲ್ನೆಟ್ ಆಜ್ಞೆಯ ಮೂಲಕ 127.0.0.1ರ (ಸರ್ವರ್ ತನ್ನನ್ನೇ ಕರೆಯುವ ವಿಳಾಸ) 25ನೇ ಪೋರ್ಟಿಗೆ, ಅಂದರೆ ಸರ್ವರುಗಳು ಒಂದಕ್ಕೊಂದು ಮೇಲ್ ಕೊಡುವ ಬಾಗಿಲಿಗೆ, ಸಂಪರ್ಕಿಸಿ. 220 ಎಂದು ಶುರುವಾಗುವ ಸ್ವಾಗತದ ಸಾಲು ಬರುವವರೆಗೆ ಗಡಿಯಾರ ನೋಡಿ. ಇದೇ ಪರೀಕ್ಷೆಯನ್ನು ಸಿಬ್ಬಂದಿಯ ಒಂದು ಕಂಪ್ಯೂಟರಿನಿಂದ ಸರ್ವರಿನ 587ನೇ ಪೋರ್ಟಿಗೆ, ಅಂದರೆ ಸಿಬ್ಬಂದಿ ಮೇಲ್ ಕಳಿಸುವ ಬಾಗಿಲಿಗೆ, ಮಾಡಿ. ಎರಡೂ ಕಡೆ ಒಂದು ಸೆಕೆಂಡಿನೊಳಗೆ ಬಂದರೆ ಬಾಗಿಲು ಸರಿಯಿದೆ, ತೊಂದರೆ ಮುಂದೆಲ್ಲೋ ಇದೆ.

5, 10, 15, 20 ಹೀಗೆ ಐದರ ಮಗ್ಗಿಯಲ್ಲಿ ತಡವಾದರೆ, ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮೇಲೆ ಅನುಮಾನ ಪಡಿ. ಲಿನಕ್ಸ್ ಒಂದು ನೇಮ್‌ಸರ್ವರಿಗೆ (ಆ ವಿಳಾಸ ಹೇಳುವ ಯಂತ್ರ) ಪ್ರಶ್ನೆ ಕಳಿಸಿ 5 ಸೆಕೆಂಡು ಕಾಯುತ್ತದೆ, ಆಮೇಲೆ ಪಟ್ಟಿಯಲ್ಲಿರುವ ಮುಂದಿನದನ್ನು ಕೇಳುತ್ತದೆ. ಇಡೀ ಪಟ್ಟಿಯನ್ನು ಎರಡು ಸುತ್ತು ಹಾಕುತ್ತದೆ. ಸರಿಯಾಗಿ 6 ಸೆಕೆಂಡು ಆದರೆ ಅದು ದೋಷವಲ್ಲ: ಪೋಸ್ಟ್‌ಸ್ಕ್ರೀನ್ ಎಂಬ ಕಾವಲುಗಾರ ಹೊಸಬರನ್ನು 25ನೇ ಪೋರ್ಟಿನಲ್ಲಿ ಬೇಕೆಂದೇ ಅಷ್ಟು ಹೊತ್ತು ನಿಲ್ಲಿಸುತ್ತದೆ. ಸಿಬ್ಬಂದಿಯ ಕಂಪ್ಯೂಟರುಗಳು 25ಕ್ಕೆ ಬಂದು ಸಿಕ್ಕಿಕೊಳ್ಳುತ್ತಿದ್ದರೆ ಅವುಗಳ ಸೆಟ್ಟಿಂಗನ್ನು 587 ಇಲ್ಲವೇ 465ಕ್ಕೆ ಬದಲಿಸಿದರೆ ಮುಗಿಯಿತು. 30 ಸೆಕೆಂಡು ಎಂದರೆ ಹೊರಗಿನ ಸರ್ವರಿಗೆ ಸಂಪರ್ಕವೇ ಆಗುತ್ತಿಲ್ಲ; ಪೋಸ್ಟ್‌ಫಿಕ್ಸ್ ಒಂದು ವಿಳಾಸಕ್ಕೆ ಅಷ್ಟೇ ಹೊತ್ತು ಪ್ರಯತ್ನಿಸುವುದು. 180 ಅಥವಾ 600 ಸೆಕೆಂಡು ಆದರೆ ಸಂಪರ್ಕ ಆಗಿದೆ, ಆದರೆ ಸಂದೇಶದ ಒಡಲು ಸಾಗುವಾಗ ಕತ್ತರಿಸಿ ಹೋಗಿದೆ. 300 ಸೆಕೆಂಡು, ಅಂದರೆ ಐದು ನಿಮಿಷದ ತಡ, ಮರುಪ್ರಯತ್ನದ ಗುರುತು: ಆಚೆಯವರು ‘ಸ್ವಲ್ಪ ಬಿಟ್ಟು ಬಾ’ ಎಂದಿದ್ದಾರೆ, ಇಲ್ಲವೇ ನಿಮ್ಮಲ್ಲೇ ಗ್ರೇಲಿಸ್ಟಿಂಗ್ (ಹೊಸಬರನ್ನು ಮೊದಲ ಸಲ ಹಿಂದಕ್ಕೆ ಕಳಿಸಿ, ಮತ್ತೆ ಬಂದರೆ ಒಳಬಿಡುವುದು) ಹಾಕಿದ್ದೀರಿ. ಯಾವ ಲೆಕ್ಕಕ್ಕೂ ಸಿಗದೆ ಒಮ್ಮೆ 2, ಒಮ್ಮೆ 17, ಒಮ್ಮೆ 40 ಆದರೆ ಡಿಸ್ಕ್, ಮೆಮೊರಿ ಅಥವಾ ಕೇಬಲ್.

ಲಾಗಿನಲ್ಲಿರುವ ನಾಲ್ಕು ಅಂಕಿ

ಪೋಸ್ಟ್‌ಫಿಕ್ಸ್ ಬಳಸುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ, ಆದರೂ ಇದನ್ನು ಓದುವವರು ಕಡಿಮೆ. ಮೇಲ್ ಲಾಗಿನಲ್ಲಿ (ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ಕಡತ) ಪ್ರತಿ ರವಾನೆಯ ಸಾಲಿನಲ್ಲೂ ‘ಡಿಲೇಸ್’ ಎಂಬ ಪದದ ಮುಂದೆ ಓರೆಗೆರೆಯಿಂದ ಬೇರ್ಪಡಿಸಿದ ನಾಲ್ಕು ಅಂಕಿಗಳಿರುತ್ತವೆ. ಉದಾಹರಣೆಗೆ 0.2/0.01/30.3/1.1. ಮೊದಲನೆಯದು ಸಂದೇಶ ಸರ್ವರಿಗೆ ಬಂದು ಸರದಿಗೆ ಸೇರುವವರೆಗಿನ ಸಮಯ. ಎರಡನೆಯದು ಸರದಿಯಲ್ಲಿ ಕಾದದ್ದು. ಮೂರನೆಯದು ಆಚೆ ಸರ್ವರನ್ನು ಹುಡುಕಿ, ಸಂಪರ್ಕಿಸಿ, ಕೈಕುಲುಕಿ, ಗೂಢಲಿಪಿ ಒಪ್ಪಂದ ಮುಗಿಸಲು ಹಿಡಿದದ್ದು. ನಾಲ್ಕನೆಯದು ಸಂದೇಶವನ್ನು ಸಾಗಿಸಿದ್ದು.

ಮೇಲಿನ ಉದಾಹರಣೆಯಲ್ಲಿ ಮೂರನೆಯದು 30.3. ಮೂವತ್ತು ಸೆಕೆಂಡು ಯಾರಿಗೋ ಬಡಿದು ಉತ್ತರ ಸಿಗದೆ, ಆಮೇಲೆ ಬೇರೆ ವಿಳಾಸಕ್ಕೆ ಹೋಗಿ 0.3 ಸೆಕೆಂಡಿನಲ್ಲಿ ಕೆಲಸ ಆಗಿದೆ. ಇದು ಬಹಳ ಸಲ ಐಪಿ ಆರನೇ ಆವೃತ್ತಿಯ (ಐಪಿವಿ6, ಹೊಸ ಬಗೆಯ ಜಾಲ ವಿಳಾಸ) ಕಿತಾಪತಿ: ರೂಟರ್ ಸರ್ವರಿಗೆ ಅಂಥ ವಿಳಾಸ ಕೊಟ್ಟಿದೆ, ಆದರೆ ಅದರಿಂದ ಹೊರಗೆ ದಾರಿ ಇಲ್ಲ. ಪೋಸ್ಟ್‌ಫಿಕ್ಸಿನ ‘ಐನೆಟ್ ಪ್ರೋಟೋಕಾಲ್ಸ್’ ಆಯ್ಕೆಯನ್ನು ಐಪಿವಿ4 ಎಂದಷ್ಟೇ ಮಾಡಿ, ಸೇವೆಯನ್ನು ನಿಲ್ಲಿಸಿ ಮತ್ತೆ ಶುರುಮಾಡಿ. ಈ ಆಯ್ಕೆಗೆ ಬರೀ ರೀಲೋಡ್ ಸಾಲದು. ಲೈನಿನವರು ಆರನೇ ಆವೃತ್ತಿಯನ್ನು ಸರಿಯಾಗಿ ಕೊಟ್ಟ ದಿನ ಹಿಂದಕ್ಕೆ ತಿರುಗಿಸಬಹುದು.

ಎಲ್ಲ ವಿಳಾಸಗಳಿಗೂ 30 ಸೆಕೆಂಡು ಆಗಿ ಕೊನೆಗೆ ‘ಕನೆಕ್ಷನ್ ಟೈಮ್ಡ್ ಔಟ್’ ಎಂದು ಬಂದರೆ ಹೊರಹೋಗುವ 25ನೇ ಪೋರ್ಟನ್ನೇ ತಡೆದಿದ್ದಾರೆ. ಸರ್ವರಿನಲ್ಲಿ ಎಷ್ಟು ತಿದ್ದಿದರೂ ಇದು ಸರಿಯಾಗದು. ಲೈನಿನವರನ್ನು ಕೇಳಿ ತೆರೆಸಬೇಕು, ಅಥವಾ ನಿಮ್ಮ ಪರವಾಗಿ ಮೇಲ್ ತಲುಪಿಸುವ ಹೊರಗಿನ ರಿಲೇ ಸೇವೆಯೊಂದರ 587ನೇ ಪೋರ್ಟಿನ ಮೂಲಕ ಕಳಿಸಬೇಕು.

ಎರಡನೇ ಅಂಕಿ ದೊಡ್ಡದಾಗಿದ್ದರೆ ಸರದಿಯ ಮುಂದೆ ಕೆಲಸಗಾರರು ಸಾಲದು ಎಂದರ್ಥ. ವೈರಸ್ ಮತ್ತು ಸ್ಪ್ಯಾಮ್ ತಪಾಸಣೆಗೆ ಅಮಾವಿಸ್ ಇಟ್ಟಿರುವ ಕಡೆ ಇದು ಮಾಮೂಲು, ಏಕೆಂದರೆ ಅದು ತಾನಾಗಿ ಎರಡೇ ಪ್ರಕ್ರಿಯೆ ನಡೆಸುತ್ತದೆ. ಇಂಥ ವ್ಯವಸ್ಥೆಯಲ್ಲಿ ಒಂದೇ ಸಂದೇಶ ಲಾಗಿನಲ್ಲಿ ಎರಡು ಸಲ, ಎರಡು ಬೇರೆ ಗುರುತಿನ ಸಂಖ್ಯೆಗಳಲ್ಲಿ ಕಾಣುತ್ತದೆ: ಮೊದಲು 127.0.0.1ರ 10024ನೇ ಪೋರ್ಟಿನಲ್ಲಿರುವ ಅಮಾವಿಸ್‌ಗೆ, ಆಮೇಲೆ ಹೊರಗಿನ ಸರ್ವರಿಗೆ. ಮೊದಲ ಸಾಲಿನ ನಾಲ್ಕನೇ ಅಂಕಿ ದೊಡ್ಡದಾಗಿದ್ದರೆ ತಪಾಸಣೆಯೇ ನಿಧಾನ. ಎರಡನೇ ಸಾಲನ್ನಷ್ಟೇ ನೋಡಿ ‘ನಮ್ಮ ಸರ್ವರ್ ಸರಿ ಇದೆ, ಲೈನಿನದ್ದೇ ತಪ್ಪು’ ಎಂದು ತೀರ್ಮಾನಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಒಂದು ಎಚ್ಚರ. ಮರುಪ್ರಯತ್ನದ ನಂತರ ಹೋದ ಸಂದೇಶಗಳಲ್ಲಿ ಮೊದಲ ಅಂಕಿಯೊಳಗೆ ಹಿಂದೆ ಬಿದ್ದುಕೊಂಡಿದ್ದ ಗಂಟೆಗಳೂ ಸೇರಿರುತ್ತವೆ. 7200 ಎಂದು ಕಂಡರೆ ಸಿಬ್ಬಂದಿಯ ಕಂಪ್ಯೂಟರಿನಿಂದ ಸರ್ವರಿಗೆ ಬರಲು ಎರಡು ಗಂಟೆ ಆಯಿತೆಂದು ತಿಳಿಯಬೇಡಿ. ಅದೇ ಗುರುತಿನ ಸಂಖ್ಯೆಯನ್ನು ಲಾಗಿನಲ್ಲಿ ಹಿಂದಕ್ಕೆ ಹುಡುಕಿ, ಮೊದಲ ಸಲ ಯಾಕೆ ಹೋಗಲಿಲ್ಲ ಎಂಬ ಸಾಲನ್ನು ಓದಿ.

ಇಂಟರ್ನೆಟ್ ಬಿದ್ದಾಗ ಒಳಗಿನ ಮೇಲೂ ಯಾಕೆ ನಿಲ್ಲುತ್ತದೆ

ಗಾಳಿಮಳೆಗೆ ಸಿಲ್ವರ್ ಮರದ ಕೊಂಬೆ ಫೈಬರಿನ ಮೇಲೆ ಬಿತ್ತು, ಲೈನ್ ಹೋಯಿತು. ಹೊರಗಿನ ಮೇಲ್ ಹೋಗದಿರುವುದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಪಕ್ಕದ ಮೇಜಿಗೆ ಕಳಿಸಿದ ಮೇಲೂ ಅರ್ಧ ನಿಮಿಷ ತೆಗೆದುಕೊಳ್ಳುವುದು ಯಾಕೆ? ಡಿಎನ್‌ಎಸ್. ಒಂದು ಸಂದೇಶ ಒಳಗೆ ಬರುವಾಗ ಸರ್ವರ್ ಹಲವು ಹೆಸರು ವಿಚಾರಿಸುತ್ತದೆ: ಬಂದವನ ಐಪಿಗೆ ಹೆಸರೇನು, ಆ ಹೆಸರಿಗೆ ಅದೇ ಐಪಿಯೇ, ಕಳಿಸಿದವರ ಡೊಮೇನಿಗೆ ಮೇಲ್ ಸರ್ವರ್ ಇದೆಯೇ, ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿಗಳಲ್ಲಿ ಆ ಐಪಿ ಇದೆಯೇ. ಪ್ರತಿ ಪ್ರಶ್ನೆಗೂ ಐದೈದು ಸೆಕೆಂಡು ಕಾದರೆ ಒಟ್ಟು ಎಷ್ಟಾಯಿತೆಂದು ಲೆಕ್ಕ ಹಾಕಿ.

ಲೈನ್ ಸರಿಯಿದ್ದಾಗಲೂ ಇದರ ಸಣ್ಣ ರೂಪ ಇರಬಹುದು. ನೇಮ್‌ಸರ್ವರುಗಳ ಪಟ್ಟಿ ಇರುವ ರಿಸಾಲ್ವ್ ಕಾನ್ಫ್ ಕಡತದಲ್ಲಿ ಮೊದಲ ನೇಮ್‌ಸರ್ವರ್ ಹಳೆಯ ಲೈನಿನದ್ದು, ಈಗ ಸತ್ತಿದೆ, ಎರಡನೆಯದು ಉತ್ತರಿಸುತ್ತದೆ. ಎಲ್ಲವೂ ನಡೆಯುತ್ತದೆ, ಪ್ರತಿ ವಿಚಾರಣೆಗೂ 5 ಸೆಕೆಂಡು ತಡವಾಗಿ. ಡಿಗ್ ಆಜ್ಞೆಯಿಂದ ಪಟ್ಟಿಯಲ್ಲಿರುವ ಒಂದೊಂದು ನೇಮ್‌ಸರ್ವರನ್ನೂ ಬೇರೆ ಬೇರೆಯಾಗಿ ಕೇಳಿ ನೋಡಿ. ಕೊನೆಯಲ್ಲಿ ಬರುವ ‘ಕ್ವೆರಿ ಟೈಮ್’ ನೂರಾರು ಮಿಲಿಸೆಕೆಂಡಿಗಿಂತ ಹೆಚ್ಚಿರಬಾರದು.

ಸರಿಯಾದ ಪರಿಹಾರವೆಂದರೆ ಸರ್ವರಿನಲ್ಲೇ ಅನ್‌ಬೌಂಡ್ ಎಂಬ ಡಿಎನ್‌ಎಸ್ ತಂತ್ರಾಂಶ ಹಾಕಿ, ನೇಮ್‌ಸರ್ವರ್ ಆಗಿ 127.0.0.1 ಒಂದನ್ನೇ ಬರೆಯುವುದು. 192.168ರಿಂದ ಶುರುವಾಗುವ ಒಳಗಿನ ವಿಳಾಸಗಳ ಹೆಸರು ಕೇಳಿದರೆ ಅನ್‌ಬೌಂಡ್ ಹೊರಗೆ ಹೋಗದೆ ತಾನೇ ‘ಇಲ್ಲ’ ಎಂದು ತಕ್ಷಣ ಹೇಳುತ್ತದೆ. ಕಚೇರಿಯ ಕಂಪ್ಯೂಟರುಗಳ ಹೆಸರನ್ನು ಅದರಲ್ಲೇ ಬರೆದಿಟ್ಟರೆ ಲಾಗ್ ಓದುವುದೂ ಸುಲಭ. ಜೊತೆಗೆ, ಒಳಗಿನವರು ಪಾಸ್‌ವರ್ಡ್ ಕೊಟ್ಟು 587ರಲ್ಲಿ ಕಳಿಸುವ ಸಂದೇಶಗಳಿಗೆ ಕಪ್ಪುಪಟ್ಟಿಯ ವಿಚಾರಣೆ ನಡೆಯದಂತೆ ಮಾಡಿ. ನಮ್ಮವರನ್ನೇ ನಾವು ಕಪ್ಪುಪಟ್ಟಿಯಲ್ಲಿ ಹುಡುಕುವುದಕ್ಕೆ ಅರ್ಥವಿಲ್ಲ.

ಕಪ್ಪುಪಟ್ಟಿಗಳನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು. ಹಳೆಯ ಸೆಟ್ಟಿಂಗನ್ನು ನಕಲು ಮಾಡಿಕೊಂಡ ಸರ್ವರುಗಳಲ್ಲಿ ನಿಂತುಹೋದ ಪಟ್ಟಿಗಳು ಉಳಿದಿರುತ್ತವೆ. ಸಾರ್ಬ್ಸ್ ಎಂಬ ಪಟ್ಟಿ 2024ರ ಜೂನ್‌ನಲ್ಲೇ ಮುಚ್ಚಿತು. ಇನ್ನೊಂದು ಬಲೆ: 8.8.8.8ರಂಥ ಸಾರ್ವಜನಿಕ ನೇಮ್‌ಸರ್ವರಿನ ಮೂಲಕ ಸ್ಪ್ಯಾಮ್‌ಹೌಸ್ ಪಟ್ಟಿಯನ್ನು ಕೇಳಿದರೆ 127.255.255.254 ಎಂಬ ಉತ್ತರ ಬರುತ್ತದೆ. ಅದರರ್ಥ ‘ಈ ದಾರಿಯಿಂದ ಕೇಳಬೇಡ’ ಎಂದು. ಅದನ್ನು ‘ಹೌದು, ಪಟ್ಟಿಯಲ್ಲಿದೆ’ ಎಂದು ತಪ್ಪಾಗಿ ಓದುವ ಸೆಟ್ಟಿಂಗ್ ಇದ್ದರೆ ಒಳ್ಳೆಯ ಮೇಲುಗಳೂ ವಾಪಸ್ ಹೋಗುತ್ತವೆ. ಸ್ವಂತ ಅನ್‌ಬೌಂಡ್ ಇಟ್ಟು, ಅದು ಬೇರೆಯವರಿಗೆ ಒಪ್ಪಿಸದೆ ತಾನೇ ವಿಚಾರಿಸುವಂತೆ ಬಿಟ್ಟರೆ ಇದೂ ತಪ್ಪುತ್ತದೆ.

ಸಣ್ಣ ಮೇಲ್ ಹೋಗುತ್ತದೆ, ಫೋಟೋ ಇದ್ದರೆ ನಿಲ್ಲುತ್ತದೆ

ಈ ದೂರು ಕೇಳಿದ ಕೂಡಲೇ ಎರಡು ವಿಷಯ ಪರೀಕ್ಷಿಸಿ: ಪ್ಯಾಕೆಟ್ಟಿನ ಅಳತೆ ಮತ್ತು ಅಪ್‌ಲೋಡ್ ವೇಗ.

ಈಥರ್ನೆಟ್ಟಿನ ಪ್ಯಾಕೆಟ್ ಗರಿಷ್ಠ 1500 ಬೈಟ್. ಮನೆ, ಕಚೇರಿಗಳ ಫೈಬರ್ ಲೈನುಗಳಲ್ಲಿ ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಪದ್ಧತಿ ಸಾಮಾನ್ಯ. ಅದರ ತಲೆಪಟ್ಟಿಗೆ 8 ಬೈಟ್ ಹೋಗಿ 1492 ಉಳಿಯುತ್ತದೆ. ದೊಡ್ಡ ಪ್ಯಾಕೆಟ್ ಬಂದಾಗ ದಾರಿಯ ಮಧ್ಯದ ರೂಟರ್ ‘ಚಿಕ್ಕದು ಮಾಡಿ ಕಳಿಸು’ ಎಂದು ಐಸಿಎಂಪಿ (ಜಾಲದ ತೊಂದರೆ ತಿಳಿಸುವ ಪದ್ಧತಿ) ಸಂದೇಶ ಕೊಡಬೇಕು. ಆದರೆ ಸುರಕ್ಷತೆಯ ಹೆಸರಿನಲ್ಲಿ ಯಾರೋ ಐಸಿಎಂಪಿಯನ್ನು ಪೂರ್ತಿ ತಡೆದಿರುತ್ತಾರೆ. ಆಗ ಏನಾಗುತ್ತದೆ ನೋಡಿ: ಸಂಪರ್ಕ ಆಗುತ್ತದೆ, ನಮಸ್ಕಾರ ಆಗುತ್ತದೆ, ಯಾರಿಂದ ಯಾರಿಗೆ ಎಂಬುದೂ ಸಾಗುತ್ತದೆ, ಏಕೆಂದರೆ ಅವೆಲ್ಲ ಚಿಕ್ಕ ಪ್ಯಾಕೆಟ್ಟುಗಳು. ಸಂದೇಶದ ಒಡಲು ಶುರುವಾದ ಕೂಡಲೇ ತುಂಬಿದ ಪ್ಯಾಕೆಟ್ಟುಗಳು ಹೊರಟು ದಾರಿಯಲ್ಲೇ ಕಾಣೆಯಾಗುತ್ತವೆ. ಮೂರು ನಿಮಿಷ ಕಾದು ಪೋಸ್ಟ್‌ಫಿಕ್ಸ್ ಸಂಪರ್ಕ ಕಡಿದು, ಮತ್ತೆ ಅದನ್ನೇ ಮಾಡುತ್ತದೆ. ಲಾಗಿನಲ್ಲಿ ‘ಮೆಸೇಜ್ ಬಾಡಿ ಕಳಿಸುವಾಗ ಟೈಮ್ಡ್ ಔಟ್’ ಎಂಬರ್ಥದ ಸಾಲು ಕಂಡರೆ ಇದೇ.

ಪರೀಕ್ಷೆ ಸುಲಭ. ವಿಂಡೋಸಿನಲ್ಲಿ ‘ಪಿಂಗ್ -ಎಫ್ -ಎಲ್ 1464’ ಎಂದು ಹೊರಗಿನ ಒಂದು ವಿಳಾಸಕ್ಕೆ ಕಳಿಸಿ. ಎಫ್ ಎಂದರೆ ತುಂಡು ಮಾಡಬೇಡ, ಎಲ್ ಮುಂದಿನದು ಅಳತೆ. 1464ಕ್ಕೆ ತಲೆಪಟ್ಟಿಯ 28 ಸೇರಿದರೆ 1492. ಇದು ಹೋಗಿ 1472 ಹೋಗದಿದ್ದರೆ ನಿಮ್ಮ ಲೈನಿನ ಅಳತೆ 1492 ಎಂದು ಗೊತ್ತಾಯಿತು. 1464 ಕೂಡ ಹೋಗದಿದ್ದರೆ ಹತ್ತು ಹತ್ತು ಇಳಿಸುತ್ತಾ ಹೋಗಿ. ರೂಟರಿನಲ್ಲಿ ಪ್ಯಾಕೆಟ್ಟಿನ ಗಾತ್ರಕ್ಕೆ ಮಿತಿ ಹಾಕುವ ‘ಎಂಎಸ್‌ಎಸ್ ಕ್ಲ್ಯಾಂಪ್’ ಎಂಬ ಆಯ್ಕೆ ಹಾಕಿ; ಅಂಕಿ ಕೇಳಿದರೆ ಲೈನಿನ ಅಳತೆಯಿಂದ 40 ಕಳೆದು ಕೊಡಿ, 1492 ಆದರೆ 1452. ರೂಟರಿನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಸರ್ವರಿನ ನೆಟ್‌ವರ್ಕ್ ಕಾರ್ಡಿನ ಎಂಟಿಯುವನ್ನೇ (ಪ್ಯಾಕೆಟ್ಟಿನ ಗರಿಷ್ಠ ಅಳತೆ) ಇಳಿಸಬಹುದು. ಲೈನ್ 4ಜಿಗೆ ಹೊರಳಿದಾಗ ಅಳತೆ ಬೇರೆ ಆಗಿರಬಹುದು, ಆದ್ದರಿಂದ ಆ ಸ್ಥಿತಿಯಲ್ಲೂ ಒಮ್ಮೆ ಅಳೆಯಿರಿ.

ಇನ್ನು ಅಪ್‌ಲೋಡ್. ಲಗತ್ತುಗಳು ಬೇಸ್64 ಎಂಬ ಅಕ್ಷರರೂಪಕ್ಕೆ ತಿರುಗುವಾಗ ಸುಮಾರು 37 ಶೇಕಡಾ ಉಬ್ಬುತ್ತವೆ. ಕಾಫಿ ಕೊಯ್ಲಿನ ಕಾಲದಲ್ಲಿ ಬೀಜದ ಮಾದರಿಯ ಫೋಟೋಗಳನ್ನು ಒಟ್ಟಿಗೆ 7 ಎಂಬಿ ಸೇರಿಸಿ ಕಳಿಸಿದರೆ ಲೈನಿನ ಮೇಲೆ ಹೋಗುವುದು ಸುಮಾರು 9.6 ಎಂಬಿ. ಅಪ್‌ಲೋಡ್ 2 ಎಂಬಿಪಿಎಸ್ ಆದರೆ 38 ಸೆಕೆಂಡು. ಅದನ್ನೇ ಆರು ಬೇರೆ ಬೇರೆ ಡೊಮೇನಿನ ಖರೀದಿದಾರರಿಗೆ ಕಳಿಸಿದರೆ ಸರ್ವರ್ ಆರು ಪ್ರತಿ ಕಳಿಸಬೇಕು, ಹತ್ತಿರ ಹತ್ತಿರ ನಾಲ್ಕು ನಿಮಿಷ ಲೈನ್ ಪೂರ್ತಿ ತುಂಬಿರುತ್ತದೆ. ಆ ಹೊತ್ತಿನಲ್ಲಿ ಬೇರೆಯವರ ಎಲ್ಲ ಕೆಲಸವೂ ತೆವಳುತ್ತದೆ. ದೊಡ್ಡ ಮೇಲ್ ಹೋಗುತ್ತಿರುವಾಗ ಹೊರಗಿನ ವಿಳಾಸಕ್ಕೆ ಪಿಂಗ್ ಹಾಕಿ ನೋಡಿ: ಸಾಮಾನ್ಯವಾಗಿ 20 ಮಿಲಿಸೆಕೆಂಡು ಇದ್ದದ್ದು 500, 800 ಆದರೆ ರೂಟರಿನ ಬಫರ್ ತುಂಬಿ ಕಟ್ಟಿಕೊಂಡಿದೆ. ರೂಟರಿನಲ್ಲಿ ಎಫ್‌ಕ್ಯೂ ಕೋಡೆಲ್ ಅಥವಾ ಕೇಕ್ ಎಂಬ ಸರದಿ ನಿಯಂತ್ರಣ ಇದ್ದರೆ ಹಾಕಿ, ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ 85ರಿಂದ 90 ಶೇಕಡಾಕ್ಕೆ ನಿಲ್ಲಿಸಿ.

ಸಂದೇಶದ ಗರಿಷ್ಠ ಅಳತೆ ಪೋಸ್ಟ್‌ಫಿಕ್ಸಿನಲ್ಲಿ ತಾನಾಗಿ 1,02,40,000 ಬೈಟ್. ಸುಮಾರು ಏಳೂವರೆ ಎಂಬಿಗಿಂತ ದೊಡ್ಡ ಲಗತ್ತು ಇದಕ್ಕೆ ಹಿಡಿಸದು. ಇದನ್ನು 50 ಎಂಬಿಗೆ ಏರಿಸಿ ಎಂದು ಒತ್ತಡ ಬರುತ್ತದೆ, ಏರಿಸದಿರುವುದೇ ಒಳ್ಳೆಯದು. ದೊಡ್ಡ ಕಡತಕ್ಕೆ ಹಂಚಿಕೆಯ ಕೊಂಡಿ ಕಳಿಸುವ ಅಭ್ಯಾಸ ಮಾಡಿಸಿ.

4ಜಿಗೆ ಹೊರಳಿದ ಮೇಲೆ

ಲೈನ್ ಬಿದ್ದು 4ಜಿ ಹಿಡಿದರೆ ಬ್ರೌಸರ್ ನಡೆಯುತ್ತದೆ, ಮೇಲ್ ಮಾತ್ರ ನಡೆಯುವುದಿಲ್ಲ. ಒಳಬರುವ ಮೇಲ್ ಫೈಬರಿನ ಸ್ಥಿರ ಐಪಿಯನ್ನು ಹುಡುಕಿಕೊಂಡು ಬರುತ್ತದೆ, ಅದು ಈಗ ಸತ್ತಿದೆ. ಹೊರಹೋಗುವುದು ಬೇರೆ ಐಪಿಯಿಂದ ಹೋಗುತ್ತದೆ. ನಿಮ್ಮ ಡೊಮೇನಿನ ಮೇಲ್ ಯಾವ ಐಪಿಗಳಿಂದ ಬರಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ಆ ಐಪಿ ಇಲ್ಲ, ಅದರ ಹಿಮ್ಮುಖ ಹೆಸರು ನಿಮ್ಮದಲ್ಲ, ದೊಡ್ಡ ಮೇಲ್ ಸೇವೆಗಳು ಬಾಗಿಲಲ್ಲೇ ತಡೆಯುತ್ತವೆ. ಹೊರಗಿನ ರಿಲೇ ಮೂಲಕ 587ರಲ್ಲಿ ಕಳಿಸುವ ವ್ಯವಸ್ಥೆ ಇದ್ದರೆ ಯಾವ ಲೈನಿನಿಂದ ಹೋದರೂ ಆಚೆಯವರಿಗೆ ಒಂದೇ ವಿಳಾಸ ಕಾಣುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಲೈನ್ ಇಲ್ಲದಿರುವ ಕಚೇರಿಗಳಿಗೆ ಇದು ಬೇಕೇ ಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಲೈನ್ ವಾಪಸ್ ಬಂದ ಮೇಲೂ ಮೇಲ್ ಒಮ್ಮೆಗೇ ಸುರಿಯುವುದಿಲ್ಲ. ಕಳಿಸುವ ಸರ್ವರುಗಳು ಪ್ರತಿ ಸೋಲಿನ ನಂತರ ಹೆಚ್ಚು ಹೆಚ್ಚು ಹೊತ್ತು ಕಾಯುತ್ತವೆ. ನಿಮ್ಮ ಪೋಸ್ಟ್‌ಫಿಕ್ಸ್ ಕೂಡ 300 ಸೆಕೆಂಡಿನಿಂದ ಶುರುಮಾಡಿ 4000 ಸೆಕೆಂಡಿನವರೆಗೆ, ಅಂದರೆ ಒಂದು ಗಂಟೆ ಏಳು ನಿಮಿಷದ ತನಕ ಅಂತರ ಹೆಚ್ಚಿಸುತ್ತದೆ. ಐದು ದಿನ ಪ್ರಯತ್ನಿಸಿ ಕೈಬಿಡುತ್ತದೆ. ನಿಮ್ಮ ಕಡೆಯ ಬಾಕಿಯನ್ನು ‘ಪೋಸ್ಟ್‌ಕ್ಯೂ -ಎಫ್’ ಕೊಟ್ಟು ಒಮ್ಮೆ ತಳ್ಳಬಹುದು. ಒಮ್ಮೆ ಮಾತ್ರ. ಐದೈದು ನಿಮಿಷಕ್ಕೆ ತಳ್ಳುತ್ತಿದ್ದರೆ ಹೋಗದ ಸಂದೇಶಗಳೇ ಸರದಿಯಲ್ಲಿ ತುಂಬಿ ಹೋಗಬೇಕಾದವು ಹಿಂದೆ ಬೀಳುತ್ತವೆ.

ಬೆಳಗ್ಗೆ ಮಾತ್ರ ನಿಧಾನ

ಒಂಬತ್ತೂವರೆಗೆ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ತಾನೇ ಸರಿಹೋಗುವ ನಿಧಾನಕ್ಕೆ ಹಿಂದಿನ ರಾತ್ರಿಯ ಕರೆಂಟಿನ ಕಥೆ ಕೇಳಿ.

ಎರಡು ಡಿಸ್ಕನ್ನು ಜೋಡಿ ಮಾಡಿ ರೇಡ್1 ಹಾಕಿರುವ ಸರ್ವರ್ ಯುಪಿಎಸ್ ಖಾಲಿಯಾಗಿ ದಿಢೀರ್ ನಿಂತರೆ, ಎದ್ದ ಮೇಲೆ ಎರಡೂ ಡಿಸ್ಕ್ ಒಂದೇ ಎಂದು ಖಚಿತಪಡಿಸಿಕೊಳ್ಳಲು ಮೊದಲಿಂದ ಕೊನೆಯವರೆಗೆ ನಕಲು ಮಾಡುತ್ತದೆ. 1 ಟಿಬಿ ಡಿಸ್ಕ್, ಸೆಕೆಂಡಿಗೆ 100 ಎಂಬಿ ವೇಗ ಎಂದರೂ ಎರಡು ಮುಕ್ಕಾಲು ಗಂಟೆ. ಜೊತೆಗೆ ಮೇಲ್ ಕೆಲಸವೂ ಇದ್ದರೆ ಇನ್ನೂ ಹೆಚ್ಚು. ಪ್ರೋಕ್ ಒಳಗಿನ ಎಂಡಿಸ್ಟಾಟ್ ಕಡತ ನೋಡಿದರೆ ‘ರೀಸಿಂಕ್’ ಎಂದು ಎಷ್ಟು ಶೇಕಡಾ ಆಗಿದೆ ಎಂಬುದು ಕಾಣುತ್ತದೆ. ಅದೇ ಕಡತದಲ್ಲಿ ‘ಬಿಟ್‌ಮ್ಯಾಪ್’ ಎಂಬ ಸಾಲು ಇಲ್ಲದಿದ್ದರೆ ಎಂಡಿಎಡಿಎಂ ಆಜ್ಞೆಯಿಂದ ಒಳಗಿನ ಬಿಟ್‌ಮ್ಯಾಪ್ ಸೇರಿಸಿ. ಮುಂದಿನ ಸಲ ಬದಲಾದ ಭಾಗವನ್ನಷ್ಟೇ ನಕಲು ಮಾಡಿ ನಿಮಿಷಗಳಲ್ಲಿ ಮುಗಿಸುತ್ತದೆ. ಜುಲೈ, ಆಗಸ್ಟಿನ ಕಕ್ಕಡದ ಮಳೆಯಲ್ಲಿ ದಿನಕ್ಕೆ ಎರಡು ಸಲ ಕರೆಂಟು ಹೋಗುವ ಕಡೆ ಈ ಒಂದು ಸಾಲಿನ ಆಜ್ಞೆ ಕೊಡುವ ನೆಮ್ಮದಿ ಬಹಳ ದೊಡ್ಡದು.

ರಾತ್ರಿ ಸರ್ವರ್ ಆಫ್ ಮಾಡುವ ಕಚೇರಿಗಳಲ್ಲಿ ಇನ್ನೊಂದು ಕಾರಣ: ತಪ್ಪಿಹೋದ ಕೆಲಸಗಳನ್ನು ಯಂತ್ರ ಎದ್ದ ಮೇಲೆ ನಡೆಸುವ ಅನಾಕ್ರಾನ್. ರಾತ್ರಿ ನಡೆಯಬೇಕಿದ್ದ ಬ್ಯಾಕಪ್, ಲಾಗ್ ಸುತ್ತುವಿಕೆ, ವೈರಸ್ ಶೋಧ ಎಲ್ಲವೂ ಬೆಳಗ್ಗೆ ಸ್ವಿಚ್ ಹಾಕಿದ ಕೆಲವೇ ನಿಮಿಷಕ್ಕೆ ಒಟ್ಟಿಗೆ ಏಳುತ್ತವೆ. ಮೇಲ್ ಸರ್ವರನ್ನು ಆಫ್ ಮಾಡಲೇಬಾರದು. ಮಾಡಲೇಬೇಕಾದರೆ ಈ ಕೆಲಸಗಳನ್ನು ಊಟದ ವಿರಾಮಕ್ಕೆ ಸರಿಸಿ.

ಡಿಸ್ಕಿನ ಆರೋಗ್ಯ ನೋಡಲು ‘ಐಒಸ್ಟಾಟ್ -ಎಕ್ಸ್ 5’ ಓಡಿಸಿ ಒಂದೆರಡು ನಿಮಿಷ ಗಮನಿಸಿ. ತಿರುಗುವ ಡಿಸ್ಕಿನಲ್ಲಿ ಅವೇಟ್ ಕಾಲಂಗಳು (ಓದಲು, ಬರೆಯಲು ಕಾದ ಸಮಯ) 10, 20 ಮಿಲಿಸೆಕೆಂಡು ಇದ್ದರೆ ಚಿಂತೆಯಿಲ್ಲ. ಸತತ 100 ದಾಟಿ, ಯುಟಿಲ್ (ಡಿಸ್ಕ್ ಎಷ್ಟು ಹೊತ್ತು ಕೆಲಸದಲ್ಲಿತ್ತು) 100 ಶೇಕಡಾದಲ್ಲಿ ನಿಂತಿದ್ದರೆ ಮೇಲ್ ನಿಧಾನವಾಗುವುದು ಸಹಜ: ಪೋಸ್ಟ್‌ಫಿಕ್ಸ್ ಪ್ರತಿ ಸಂದೇಶವನ್ನೂ ಡಿಸ್ಕಿಗೆ ಬರೆದು ಮುಗಿಯಿತೆಂದು ಖಾತ್ರಿಯಾದ ಮೇಲೆಯೇ ಸ್ವೀಕರಿಸಿದೆ ಎಂದು ಹೇಳುತ್ತದೆ. ಡಿಸ್ಕ್ ತನ್ನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ವರದಿಯಲ್ಲಿ 5, 197, 198 ಎಂಬ ಗುರುತಿನ ಸಂಖ್ಯೆಯ ಸಾಲುಗಳ ಕೊನೆಯ ಅಂಕಿ ಸೊನ್ನೆಯಲ್ಲದೆ ಏರುತ್ತಿದ್ದರೆ ಡಿಸ್ಕ್ ಬದಲಿಸಿ, ಕಾಯಬೇಡಿ. 199ನೇ ಸಾಲು ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ಡಿಸ್ಕಲ್ಲ, ಸಾಟಾ ಕೇಬಲ್. ತೆಗೆದು ಹೊಸದು ಹಾಕಿ. ರೇಡ್ ಕಾರ್ಡ್ ಇರುವ ಸರ್ವರಿನಲ್ಲಿ ಕಾರ್ಡಿನ ಬ್ಯಾಟರಿ ಸತ್ತರೆ ಬರೆಯುವ ಕ್ಯಾಶ್ ತಾನಾಗಿ ಆಫ್ ಆಗಿ, ಒಂದೇ ದಿನದಲ್ಲಿ ವೇಗ ಕುಸಿಯುತ್ತದೆ.

ಡಿಎಫ್ ಆಜ್ಞೆಯಿಂದ ಜಾಗ ನೋಡುವಾಗ ಐ ಆಯ್ಕೆ ಕೊಟ್ಟು ಐನೋಡುಗಳನ್ನೂ (ಡಿಸ್ಕಿನಲ್ಲಿ ಪ್ರತಿ ಕಡತಕ್ಕೂ ಬೇಕಾದ ನಮೂದು) ನೋಡಿ. ಮೇಲ್‌ಡಿರ್ ಪದ್ಧತಿಯಲ್ಲಿ ಒಂದು ಮೇಲ್ ಒಂದು ಕಡತ. ಜಾಗ ಇದ್ದೂ ಐನೋಡ್ ಮುಗಿದಿರಬಹುದು.

ಮೆಮೊರಿ ಕೂಡ ಇಲ್ಲೇ ಸೇರುತ್ತದೆ. ಕ್ಲ್ಯಾಮ್‌ಎವಿ ಎಂಬ ವೈರಸ್ ಶೋಧಕವೊಂದೇ 1 ಜಿಬಿಗಿಂತ ಹೆಚ್ಚು ಮೆಮೊರಿ ಹಿಡಿಯುತ್ತದೆ, ವೈರಸ್ ಗುರುತಿಸುವ ಸಹಿಗಳನ್ನು ನವೀಕರಿಸಿ ಮರುಓದುವಾಗ ಸ್ವಲ್ಪ ಹೊತ್ತು ಅದರ ಎರಡರಷ್ಟು. 2 ಜಿಬಿ ಯಂತ್ರದಲ್ಲಿ ಇದು ಉಳಿದ ಕೆಲಸವನ್ನು ಸ್ವಾಪಿಗೆ, ಅಂದರೆ ಮೆಮೊರಿಯ ಬದಲು ಬಳಸುವ ನಿಧಾನದ ಡಿಸ್ಕ್ ಜಾಗಕ್ಕೆ, ತಳ್ಳುತ್ತದೆ. ವಿಎಂಸ್ಟಾಟ್‌ನಲ್ಲಿ ಎಸ್‌ಐ, ಎಸ್‌ಒ ಕಾಲಂಗಳು ಸೊನ್ನೆ ಬಿಟ್ಟು ಓಡುತ್ತಿದ್ದರೆ 4 ಜಿಬಿಗಾದರೂ ಏರಿಸಿ. ಪ್ರತಿ ಮೇಲಿಗೂ ಕ್ಲ್ಯಾಮ್‌ಸ್ಕ್ಯಾನ್ ಕರೆಯುವ ಹಳೆಯ ಸ್ಕ್ರಿಪ್ಟ್ ಇದ್ದರೆ ಕಿತ್ತುಹಾಕಿ. ಅದು ಪ್ರತಿ ಸಲ ಇಡೀ ಸಹಿಸಂಗ್ರಹವನ್ನು ಮೊದಲಿಂದ ಓದುತ್ತದೆ. ಸದಾ ಎದ್ದಿರುವ ಕ್ಲ್ಯಾಮ್‌ಡಿಯ ಮೂಲಕ ತಪಾಸಣೆ ನಡೆಯಬೇಕು.

ಪೆಟ್ಟಿಗೆ ತೆರೆಯುವಾಗಿನ ತಡ

ಬುಕಿಂಗಿಗೆಂದು ಒಂದೇ ಖಾತೆಯನ್ನು ಮೂರು ನಾಲ್ಕು ಜನ ಬಳಸುವುದು ಸಾಮಾನ್ಯ. ಥಂಡರ್‌ಬರ್ಡ್ ಒಂದು ಖಾತೆಗೆ ಐದು ಸಂಪರ್ಕದವರೆಗೆ ತೆರೆದಿಟ್ಟುಕೊಳ್ಳುತ್ತದೆ. ಡವ್‌ಕಾಟ್ ಒಬ್ಬ ಬಳಕೆದಾರನಿಗೆ ಒಂದು ಐಪಿಯಿಂದ ಹತ್ತೇ ಸಂಪರ್ಕ ಬಿಡುತ್ತದೆ. ಕಚೇರಿಯ ಒಳಗೆ ಪ್ರತಿ ಕಂಪ್ಯೂಟರಿಗೂ ಬೇರೆ ಐಪಿ ಇರುವುದರಿಂದ ತೊಂದರೆ ಬರಬಾರದು. ಆದರೂ ಬರುತ್ತದೆ, ಏಕೆಂದರೆ ಸರ್ವರಿನ ಹೆಸರು ಹೊರಗಿನ ಐಪಿಯನ್ನೇ ತೋರಿಸುತ್ತದೆ; ಎಲ್ಲರ ಸಂಪರ್ಕವೂ ರೂಟರಿನ ತನಕ ಹೋಗಿ ಅಲ್ಲೇ ತಿರುಗಿ ಒಳಗೆ ಬರುತ್ತದೆ, ಡವ್‌ಕಾಟ್ ಕಣ್ಣಿಗೆ ಎಲ್ಲರೂ ರೂಟರಿನ ಐಪಿಯಲ್ಲೇ ಕಾಣುತ್ತಾರೆ. ಮೂರನೆಯವರು ಥಂಡರ್‌ಬರ್ಡ್ ತೆರೆದಾಗ ಮಿತಿ ಮೀರುತ್ತದೆ. ಲಾಗಿನಲ್ಲಿ ‘ಮ್ಯಾಕ್ಸಿಮಮ್ ನಂಬರ್ ಆಫ್ ಕನೆಕ್ಷನ್ಸ್’ ಎಂದು ಹುಡುಕಿ. ಮಿತಿಯನ್ನು 30ಕ್ಕೆ ಏರಿಸಿದರೆ ಇವತ್ತಿಗೆ ನಡೆಯುತ್ತದೆ. ನಿಜವಾದ ರಿಪೇರಿ ಎಂದರೆ ಒಳಗಿನವರು ಆ ಹೆಸರು ಕೇಳಿದಾಗ ಅನ್‌ಬೌಂಡ್ ಸರ್ವರಿನ ಒಳಗಿನ ಐಪಿಯನ್ನೇ ಹೇಳುವಂತೆ ಮಾಡುವುದು. ಕಂಪ್ಯೂಟರುಗಳೆಲ್ಲ ಆ ಅನ್‌ಬೌಂಡನ್ನೇ ಕೇಳುವಂತೆಯೂ, ಅವುಗಳಿಗೆ ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ ಬರೆಯಬೇಕು. ಆಗ ಮೇಲ್ ದಟ್ಟಣೆ ರೂಟರನ್ನು ಮುಟ್ಟುವುದೇ ಇಲ್ಲ.

ಇನ್‌ಬಾಕ್ಸಿನಲ್ಲಿ 50 ಸಾವಿರ ಮೇಲ್ ರಾಶಿ ಬಿದ್ದಿದ್ದರೆ ವರ್ಷವಾರು ಫೋಲ್ಡರಿಗೆ ಸರಿಸಿ. ಎಲ್ಲ ಮೇಲನ್ನೂ ಒಂದೇ ಕಡತದಲ್ಲಿಡುವ ಎಂಬಾಕ್ಸ್ ಪದ್ಧತಿಯಲ್ಲೇ ಇನ್ನೂ ಇದ್ದರೆ, ಮಧ್ಯದ ಒಂದು ಮೇಲ್ ಅಳಿಸಿದರೂ ದೊಡ್ಡ ಕಡತವನ್ನು ಮತ್ತೆ ಬರೆಯಬೇಕಾಗುತ್ತದೆ, ಆ ಹೊತ್ತು ಹೊಸ ಮೇಲ್ ಬೀಗ ಬಿಡುವವರೆಗೆ ಕಾಯುತ್ತದೆ. ಮೇಲ್‌ಡಿರ್‌ಗೆ ಬದಲಾಯಿಸಿ. ಒಬ್ಬರಿಗೆ ಮಾತ್ರ ನಿಧಾನ, ಉಳಿದವರಿಗೆಲ್ಲ ಸರಿ ಎಂದಾದರೆ ಸರ್ವರನ್ನು ಬಿಟ್ಟು ಅವರ ಕಂಪ್ಯೂಟರಿನ ಆಂಟಿವೈರಸ್ ಮತ್ತು ಔಟ್‌ಲುಕ್ ಕಡತದ ಗಾತ್ರ ನೋಡಿ.

ತೇವ, ತುಕ್ಕು, ಇರುವೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಗಾಳಿಯಲ್ಲಿರುವ ತೇವ ಕೇಬಲ್ ತುದಿಗಳನ್ನು ತಿನ್ನುತ್ತದೆ. ಗಿಗಾಬಿಟ್ ವೇಗಕ್ಕೆ ಕೇಬಲಿನ ನಾಲ್ಕೂ ಜೋಡಿ ತಂತಿ ಬೇಕು. 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್ನುಗಳ ಎರಡು ಜೋಡಿ ಸಾಕು. ಉಳಿದ ಜೋಡಿಗಳಲ್ಲಿ ಒಂದು ತಂತಿ ತುಕ್ಕು ಹಿಡಿದರೂ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಈಥ್‌ಟೂಲ್ ಆಜ್ಞೆಯ ‘ಸ್ಪೀಡ್’ ಸಾಲು ನೋಡಿ. ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟರೆ ಬರುವ ಅಂಕಿಗಳಲ್ಲಿ ಸಿಆರ್‌ಸಿ ದೋಷ (ದಾರಿಯಲ್ಲಿ ಕೆಟ್ಟ ಪ್ಯಾಕೆಟ್ಟುಗಳ ಎಣಿಕೆ) ಹತ್ತು ನಿಮಿಷದ ಅಂತರದಲ್ಲಿ ಏರಿದೆಯೇ ಎಂದೂ ನೋಡಿ. ಕಚೇರಿಯೊಳಗೆ ಒಂದು ಕಂಪ್ಯೂಟರಿನಿಂದ ಸರ್ವರಿಗೆ 1000 ಪಿಂಗ್ ಕಳಿಸಿದರೆ ಒಂದೂ ಕಳೆದುಹೋಗಬಾರದು. ಹಸಿರು ಬಣ್ಣಕ್ಕೆ ತಿರುಗಿದ ಪಿನ್ನನ್ನು ಒರೆಸಿ ಪ್ರಯೋಜನವಿಲ್ಲ, ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿ. ಸ್ವಿಚ್ಚಿನ ಖಾಲಿ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿ. ಬೆಚ್ಚಗಿರುವ ಪೋರ್ಟಿನೊಳಗೆ ಇರುವೆಗಳು ಗೂಡು ಕಟ್ಟುತ್ತವೆ.

ಕೇಬಲಿನ ಒಂದು ಕಡೆ 100 ಫುಲ್ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಎರಡೂ ದಿಕ್ಕು) ಎಂದು ಬಲವಂತವಾಗಿ ಹೊಂದಿಸಿ, ಇನ್ನೊಂದು ಕಡೆ ಆಟೋ ಬಿಟ್ಟರೆ ಆಟೋ ಇರುವ ಕಡೆ ಹಾಫ್‌ಗೆ (ಒಮ್ಮೆಗೆ ಒಂದೇ ದಿಕ್ಕು) ಬೀಳುತ್ತದೆ. ಪಿಂಗ್ ಚೆನ್ನಾಗಿಯೇ ಹೋಗುತ್ತದೆ, ದೊಡ್ಡ ಮೇಲ್ ಮಾತ್ರ ಒದ್ದಾಡುತ್ತದೆ. ಎರಡೂ ಕಡೆ ಆಟೋ ಇಡಿ. ಕಚೇರಿಯಿಂದ ಗೋದಾಮಿಗೆ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಗೆ ತಾಮ್ರದ ಕೇಬಲ್ ಹೊರಗಿನಿಂದ ಎಳೆದಿದ್ದರೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಎರಡೂ ತುದಿಯ ಸ್ವಿಚ್ ಹೋಗಬಹುದು. ಪೂರ್ತಿ ಸಾಯದೆ ಅರೆಜೀವವಾದ ಪೋರ್ಟೇ ಹೆಚ್ಚು ಕಾಡುವುದು. ಆ ಜಾಗಕ್ಕೆ ಫೈಬರ್ ಮತ್ತು ಎರಡು ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಪೋರ್ಟಿಗೆ ಜೋಡಿಸುವ ಪೆಟ್ಟಿಗೆ) ಹಾಕಿ.

ಖಾತೆ ಕಳ್ಳರ ಕೈಗೆ ಹೋಗಿದ್ದರೆ

‘ಪೋಸ್ಟ್‌ಕ್ಯೂ -ಪಿ’ ಕೊಟ್ಟಾಗ ಇಪ್ಪತ್ತು ಜನರ ಕಚೇರಿಯಲ್ಲಿ ಸಾವಿರಾರು ಸಂದೇಶ ಬಾಕಿ ಕಂಡರೆ ಬೇರೆಲ್ಲ ಬಿಟ್ಟು ಇದನ್ನು ಹಿಡಿಯಿರಿ. ಲಾಗಿನಲ್ಲಿ ‘ಸಾಸ್ಲ್ ಯೂಸರ್‌ನೇಮ್’ (ಪಾಸ್‌ವರ್ಡ್ ಕೊಟ್ಟು ಕಳಿಸಿದವರ ಹೆಸರು) ಇರುವ ಸಾಲುಗಳನ್ನು ಹೆಸರುವಾರು ಎಣಿಸಿದರೆ ಯಾರ ಖಾತೆ ಎಂದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಮೊದಲು ಪಾಸ್‌ವರ್ಡ್ ಬದಲಿಸಿ. ‘ಡವ್‌ಅಡ್ಮ್ ಕಿಕ್’ ಕೊಟ್ಟು ಪೆಟ್ಟಿಗೆ ಓದಲು ತೆರೆದಿರುವ ಐಮ್ಯಾಪ್ ಸಂಪರ್ಕ ಕಡಿಯಿರಿ; 587ರಲ್ಲಿ ಈಗಾಗಲೇ ಒಳಗೆ ಬಂದಿರುವ ಕಳ್ಳನ ಸಂಪರ್ಕ ಇದರಿಂದ ಕಡಿಯುವುದಿಲ್ಲ, ಅದಕ್ಕೆ ಪೋಸ್ಟ್‌ಫಿಕ್ಸನ್ನೇ ನಿಲ್ಲಿಸಿ ಶುರುಮಾಡಬೇಕು. ಆಮೇಲೆ ಆ ಖಾತೆಯ ಸಂದೇಶಗಳನ್ನು ‘ಪೋಸ್ಟ್‌ಸೂಪರ್ -ಎಚ್’ (ಚಿಕ್ಕಕ್ಷರದ ಎಚ್) ಮೂಲಕ ತಡೆಹಿಡಿದು, ನೋಡಿ ಅಳಿಸಿ. ಇಡೀ ಸರದಿಯನ್ನು ಒಮ್ಮೆಗೇ ಅಳಿಸಿದರೆ ಬೇರೆಯವರ ನಿಜವಾದ ಮೇಲುಗಳೂ ಹೋಗುತ್ತವೆ, ಅವನ್ನು ವಾಪಸ್ ತರುವ ದಾರಿಯಿಲ್ಲ.

ರಿಪೇರಿ ಮುಗಿದ ದಿನ ಐದು ಅಂಕಿಗಳನ್ನು ಬರೆದು ಸರ್ವರಿನ ಮೇಲೆ ಅಂಟಿಸಿ: 220 ಬರಲು ಹಿಡಿದ ಸೆಕೆಂಡು, ಡಿಎನ್‌ಎಸ್ ಉತ್ತರದ ಮಿಲಿಸೆಕೆಂಡು, ತುಂಡಾಗದೆ ಹೋಗುವ ಪಿಂಗಿನ ಅಳತೆ, ಅಪ್‌ಲೋಡ್ ವೇಗ, ಡಿಸ್ಕಿನ ಅವೇಟ್. ಬಿಸಿಲಿನ ದಿನ ಒಮ್ಮೆ, ಮೊದಲ ಜೋರು ಮಳೆಯ ವಾರದಲ್ಲಿ ಇನ್ನೊಮ್ಮೆ ಅಳೆದು ಎರಡನ್ನೂ ಪಕ್ಕಪಕ್ಕ ಬರೆಯಿರಿ; ಮಳೆಯ ಸಾಲಿನಲ್ಲಿ ಪಿಂಗ್ ಕಳೆದುಹೋಗುತ್ತಿದ್ದರೆ ಕಂಬದಿಂದ ಗೋಡೆಗೆ ಬರುವ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ನೀರು ನಿಂತಿದೆಯೇ ಎಂದು ಮೊದಲು ನೋಡಿ.